ಮೂರು ಕಂಬ, ಒಂದು ಗೇಣು

ಗೌರಿಬಿದನೂರಿನ ಹೊಳೆಗೆ ಸೇತುವೆ ಏಳುತ್ತಿದ್ದ ಕಾಲದಲ್ಲಿ ನನ್ನ ಮಣೆ ಹೋಯಿತು. ಕೈತಪ್ಪಿತು ಎನ್ನಲಾರೆ, ಮಣೆಯನ್ನು ಕೈಯಲ್ಲಿ ಹಿಡಿದುಕೊಂಡು ಯಾರೂ ಕೂರುವುದಿಲ್ಲ.

ಮಾವ ಬಯ್ಯಪ್ಪನವರ ಮನೆ ಹೊಳೆಯ ಆಚೆದಡದಲ್ಲಿತ್ತು. ಅವರ ಹಿರಿಯ ಮಗಳು ವರಲಕ್ಷ್ಮಮ್ಮನನ್ನು ನಾನು ಮದುವೆಯಾದ ಮೇಲೆ ನಾಲ್ಕು ವರ್ಷ ಆ ಮನೆಯ ಊಟದ ಸಾಲಿನಲ್ಲಿ ಮೊದಲನೆಯ ಮಣೆ ನನ್ನದಾಗಿತ್ತು. ಕೋಳಿ ಕೊಯ್ದ ದಿನ ಈಲಿಯ, ಅಂದರೆ ಲಿವರಿನ, ತುಂಡು ನನ್ನ ತಟ್ಟೆಗೇ ಬೀಳುತ್ತಿತ್ತು. 'ನಮ್ಮ ಅಳಿಯಂದಿರು ಬಿ.ಎ.' ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಆಮೇಲೆ ಕಿರಿಯವಳು ಶ್ಯಾಮಲಮ್ಮನಿಗೆ ಗಂಡು ಗೊತ್ತಾಯಿತು. ಹೆಸರು ರಾಮಾಂಜಿನಪ್ಪ, ಓದು ಎಲ್.ಸಿ.ಇ. ಎಂಬ ಇಂಜಿನಿಯರಿಂಗ್ ಡಿಪ್ಲೊಮಾ, ಕೆಲಸ ಓವರ್‌ಸೀಯರ್. ನಮ್ಮೂರ ಸೇತುವೆಯ ಕೆಲಸಕ್ಕೇ ಅವನನ್ನು ಹಾಕಿದರು. ಧಾರೆಯ ಮರುದಿನವೇ ನಾನು ಎರಡನೆಯ ಮಣೆಗೆ ಸರಿದೆ. ಎಲ್.ಸಿ.ಇ. ಎಂದರೆ 'ಎಲ್ಲಾ ಚೆಂದ ಇವನದು', ಬಿ.ಎ. ಎಂದರೆ 'ಬರೀ ಅಳಿಯ' ಎಂದು ನಾನೇ ಅರ್ಥ ಮಾಡಿಕೊಂಡೆ.

ಕೆಲಸದಲ್ಲೂ ಅವನ ಪಕ್ಕದಲ್ಲೇ ಇದ್ದೆನಲ್ಲ, ಅದು ಇನ್ನೂ ಉರಿ. ಚರಿತ್ರೆ ಓದಿ ಬಂದವನಿಗೆ ಬೇರೆ ಕೆಲಸ ಸಿಗದೆ, ಅಕ್ಷರ ಅಂದವಾಗಿದೆ ಎಂಬ ಒಂದೇ ಕಾರಣಕ್ಕೆ ನಾನು ಸೇತುವೆ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಚಿಕ್ಕಬಳ್ಳಾಪುರದಿಂದ ಬರುವ ನಕ್ಷೆಯ ಮೇಲೆ ತೆಳು ಬಟ್ಟೆ ಹಾಸಿ, ಅದೇ ಗೆರೆಗಳನ್ನು ಮಸಿಯಲ್ಲಿ ಎಳೆದು, ಗಾಜಿನ ಚೌಕಟ್ಟಿನಲ್ಲಿ ಬಿಸಿಲಿಗಿಟ್ಟು ನೀಲಿ ಪ್ರತಿ ತೆಗೆಯುವುದು ನನ್ನ ಕಸುಬು.

"ಇವ್ರು ಕಟ್ಟೋರು, ಅವ್ರು ಗೀಟು ಎಳೆಯೋರು" ಎಂದು ಮಾವ ನಮ್ಮಿಬ್ಬರನ್ನೂ ಒಂದೇ ಉಸಿರಿನಲ್ಲಿ ಪರಿಚಯ ಮಾಡಿಕೊಡುತ್ತಿದ್ದರು. "ಏ ಗೀಟಪ್ನೋರೇ, ಸ್ವಲ್ಪ ಸರ್ಕೊಳ್ಳಿ, ಇಂಜಿನೀರಪ್ಪ ಕೂತ್ಕೊಳ್ಳಲಿ."

ನಾನು ಸರಿಯುತ್ತಿದ್ದೆ. ಸರಿಯಾದ ಅಳಿಯ ಎಂದರೆ ಸರಿಯುವ ಅಳಿಯ ತಾನೆ.

ನಮ್ಮ ಹೊಳೆಯ ಹೆಸರು ಉತ್ತರ ಪಿನಾಕಿನಿ. ವರ್ಷದ ಒಂಬತ್ತು ತಿಂಗಳು ಯಾವ ಪ್ರಶ್ನೆಗೂ ಉತ್ತರ ಕೊಡದ ಹೊಳೆ, ಬರೀ ಮರಳು. ಉಳಿದ ಮೂರು ತಿಂಗಳಲ್ಲಿ ಯಾವಾಗ ಬರುತ್ತದೋ ಅದಕ್ಕೇ ಗೊತ್ತಿಲ್ಲ. ಮೊದಲು ಮರಳಿನ ಮೇಲೆ ಕಲ್ಲು ಚಪ್ಪಡಿ ಹಾಸಿದ ದಾರಿಯೊಂದಿತ್ತು. ಎರಡು ಮಳೆಗಾಲ ನಿಂತು, ಮೂರನೆಯದಕ್ಕೆ ಕೊಚ್ಚಿಹೋಗುತ್ತಿತ್ತು. ಒಂದು ವರ್ಷ ದಿಬ್ಬಣ ಆಚೆ, ಓಲಗ ಈಚೆ ಆಗಿ, ಹೆಣ್ಣಿನ ಕಡೆಯವರು ದಡದಲ್ಲಿ ನಿಂತು ಮುಹೂರ್ತ ಮೀರಿಹೋಗುವುದನ್ನು ನೋಡಬೇಕಾಯಿತು. ಅದಾದ ಮೇಲೆಯೇ ಎರಡೂ ದಡದವರು ಸೇರಿ ಅರ್ಜಿ ಹಾಕಿದ್ದು. ಸೇತುವೆ ಮಂಜೂರಾದದ್ದೇ ತಡ, ಸೇರಿದ್ದವರು ಬೇರೆಯಾದರು. ಪೇಟೆಯವರು ಸಂತೆಮಾಳದ ಎದುರಿಗೇ ಬರಲಿ ಎಂದರು. ಆಚೆದಡದವರು ತಮ್ಮ ಹುಣಸೆತೋಪಿನ ಹತ್ತಿರ ಎಂದರು. ಅವರಿಗೆ ಹತ್ತಿರವಾದರೆ ಇವರಿಗೆ ಹೊಟ್ಟೆಕಿಚ್ಚು, ಇವರಿಗೆ ಹತ್ತಿರವಾದರೆ ಅವರಿಗೆ. ಮೇಲಿನವರು ಬಂದು ಮರಳಿಗೆ ಕಬ್ಬಿಣದ ಸಲಾಕೆ ಇಳಿಸಿ, ಬಂಡೆ ಎಲ್ಲಿ ಸಿಗುತ್ತದೋ ಅಲ್ಲಿ ಎಂದು ಇಬ್ಬರಿಗೂ ದೂರವಾದ ಜಾಗ ಗೊತ್ತುಮಾಡಿದರು. ಆಗ ಎಲ್ಲರಿಗೂ ಸಮಾಧಾನ.

ನಕ್ಷೆ ಮೂರು ಮಾರು ಉದ್ದ. ಒಂಬತ್ತು ಕಣ್ಣು, ಒಂದೊಂದು ಕಣ್ಣೂ ನಲವತ್ತು ಅಡಿ ಅಗಲ. ಎರಡು ದಡಕ್ಕೆ ಎರಡು ಗೋಡೆ, ನಡುವೆ ಎಂಟು ಕಂಬ, ಕಚೇರಿಯ ಮಾತಿನಲ್ಲಿ ಪಿಯರ್. ಪೇಟೆಯ ಕಡೆಯಿಂದ ಎಣಿಸಿದರೆ ಒಂದರಿಂದ ಐದರವರೆಗೆ ಮರಳು ಆಳ. ಅಲ್ಲಿ ದುಂಡನೆಯ ಬಾವಿ ಕಟ್ಟಿ, ಒಳಗಿನ ಮರಳು ತೆಗೆಯುತ್ತ ತೆಗೆಯುತ್ತ ಬಾವಿಯನ್ನೇ ಕೆಳಕ್ಕೆ ಇಳಿಸಿ, ಅದರ ಮೇಲೆ ಕಂಬ ಎಬ್ಬಿಸಬೇಕು. ಆರು, ಏಳು, ಎಂಟನೆಯವು ಆಚೆದಡದ ಕಡೆ ಬಂಡೆಯ ಮೇಲೇ ನಿಲ್ಲುವಂಥವು. ಕಂಬಗಳಿಗೆಲ್ಲ ನೀರು ಬರುವ ದಿಕ್ಕಿಗೆ ದೋಣಿಯ ಮೂತಿಯ ಹಾಗೆ ಚೂಪು. ಬುಡ ಎಷ್ಟು ಆಳವಾದರೂ ಇರಲಿ, ಎಂಟು ತಲೆಯೂ ಒಂದೇ ಎತ್ತರಕ್ಕೆ ಬರಬೇಕು. ಅವುಗಳ ಮೇಲೆ ತಾನೆ ರಸ್ತೆ ಮಲಗುವುದು. ಇದನ್ನೆಲ್ಲ ಗೆರೆಗೆ ಗೆರೆ ಬರೆದವನು ನಾನು. ನೋಡಿದವರು ಮಾತ್ರ 'ರಾಮಾಂಜಿನಪ್ಪನವರ ಸೇತುವೆ' ಎನ್ನುತ್ತಿದ್ದರು.

ಎತ್ತರ ಅಳೆಯುವುದಕ್ಕೆಂದು ಎರಡು ಕಲ್ಲು ನೆಟ್ಟಿದ್ದರು. ಒಂದು ಪೇಟೆಯ ಕಡೆ ಮುಸಾಫಿರ್‌ಖಾನೆಯ ಮೆಟ್ಟಿಲ ಹತ್ತಿರ, ಇನ್ನೊಂದು ಆಚೆದಡದಲ್ಲಿ ಮಾವನವರ ಕಣದ ಪಕ್ಕ ಹುಣಸೆಮರದ ಕೆಳಗೆ. ಈಚೆಯ ಕಂಬಗಳಿಗೆ ಈಚೆಯ ಕಲ್ಲು, ಆಚೆಯ ಕಂಬಗಳಿಗೆ ಆಚೆಯದು. ಎರಡು ಕಲ್ಲಿನ ನೆತ್ತಿಯ ಎತ್ತರವೂ ದಫ್ತರದಲ್ಲಿ ಬರೆದಿತ್ತು. ಹೊಳೆ ಏರಲಿ, ನೆಲ ಕುಸಿಯಲಿ, ಆ ನೆತ್ತಿ ಮಾತ್ರ ಏರಬಾರದು, ಇಳಿಯಬಾರದು.

ಆಚೆಯ ಕಲ್ಲಿನ ಮೈಮೇಲೆ ಮೂರು ಗೆರೆಯ ಬಾಣದ ಗುರುತು ಕೆತ್ತಿತ್ತು. ದಿನಾ ಬೆಳಿಗ್ಗೆ ಎರ್ರಪ್ಪ ಎಂಬ ಆಳು ಅಳತೆಯ ಕೋಲನ್ನು ಕಲ್ಲಿನ ನೆತ್ತಿಗೆ ಮುಟ್ಟಿಸಿ ನೆಟ್ಟಗೆ ನಿಲ್ಲುತ್ತಿದ್ದ. ರಾಮಾಂಜಿನಪ್ಪ ದೂರದಲ್ಲಿ ಮೂರು ಕಾಲಿನ ದುರ್ಬೀನಿಗೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಐದು ನಿಮಿಷ ಅದೇ ಕಲ್ಲನ್ನು ನೋಡುತ್ತಿದ್ದ. ಅದಾದ ಮೇಲೆಯೇ ಕೆಲಸ ಶುರು. ಕಣದಲ್ಲಿ ರಾಗಿ ಕೇರುತ್ತಿದ್ದ ಹೆಂಗಸರು ಇದನ್ನು ಎಷ್ಟು ದಿನ ಸುಮ್ಮನೆ ನೋಡಿಯಾರು? ಇಂಜಿನೀರೇ ದಿನಾ ಬಗ್ಗಿ ಬಗ್ಗಿ ನೋಡಬೇಕಾದರೆ, ಮೈಮೇಲೆ ತ್ರಿಶೂಲ ಬೇರೆ ಇರಬೇಕಾದರೆ! ಮೊದಲು ಒಂದು ಬೊಟ್ಟು ಕುಂಕುಮ ಬಿತ್ತು. ಆಮೇಲೆ ಅರಿಶಿನ. ಆಮೇಲೆ ಕಣಗಿಲೆ ಹೂವಿನ ಸರ.

ಅದೇ ಹೊತ್ತಿಗೆ ಸೇತುವೆ ನಿಲ್ಲಬೇಕಾದರೆ ಒಂದು ತಲೆ ಬಲಿ ಕೇಳುತ್ತದೆ ಎಂಬ ಗುಲ್ಲು ಹಬ್ಬಿತ್ತು. ಅತ್ತೆ ಅಮ್ಮಾಜಮ್ಮನಿಗೆ ಎದೆ ಹೊಡೆದುಕೊಂಡಿತು. ಕಿರಿ ಅಳಿಯ ದಿನವೆಲ್ಲ ಕಂಬದ ಮೇಲೆ ನಿಂತಿರುವವನು. 'ಅವರ ತಲೆ ಕಾಯಮ್ಮಾ, ನಿನಗೆ ಕಟ್ಟೆ ಕಟ್ಟಿಸ್ತೀನಿ' ಎಂದು ಕಲ್ಲಿಗೆ ಹರಕೆ ಹೊತ್ತರು. ಹೆಚ್ಚು ತಡ ಮಾಡಲಿಲ್ಲ. ರಾಮಾಂಜಿನಪ್ಪ ಸಿಮೆಂಟಿನ ಪರ್ಮಿಟ್ಟಿಗೆಂದು ನಾಲ್ಕು ದಿನ ಬೆಂಗಳೂರಿಗೆ ಹೋದಾಗ, ಒಂದು ಶುಕ್ರವಾರ ಗಾರೆಯ ಆವಲಪ್ಪನನ್ನು ಕರೆಸಿದರು. ಅವನು ಕಲ್ಲನ್ನು ಕಿತ್ತು, ಬುಡಕ್ಕೆ ಕಟ್ಟೆ ಕಟ್ಟಿ, ಅದೇ ಜಾಗದಲ್ಲಿ, ಅದೇ ಮುಖಕ್ಕೆ, ಒಂದು ಗೇಣು ಎತ್ತರದಲ್ಲಿ ಮತ್ತೆ ನಿಲ್ಲಿಸಿ ಸುಣ್ಣ ಬಳಿದ.

ಶನಿವಾರ ನಾನು ಹೆಂಡತಿಯನ್ನು ಕರೆತರಲು ಹೋಗಿದ್ದೆ. ನಮ್ಮ ಕಡೆ ಅತ್ತೆ ಅಳಿಯನ ಎದುರಿಗೆ ನಿಂತು ಮಾತಾಡುವುದಿಲ್ಲ. ಬಾಗಿಲ ಹಿಂದಿನಿಂದ ಮಗಳಿಗೆ ಹೇಳುತ್ತಾರೆ. ಅಳಿಯ ಎಲ್ಲವನ್ನೂ ಕೇಳಿಸಿಕೊಂಡರೂ ಮಗಳು ಮತ್ತೊಮ್ಮೆ ಹೇಳುವವರೆಗೆ ಕಾಯಬೇಕು.

"ಲೇ ವರಲಕ್ಷ್ಮಿ, ದೊಡ್ಡೋರಿಗೆ ಹೇಳಮ್ಮ" ಎಂದಿತು ಬಾಗಿಲು. "ಕಲ್ಲು ಕಿತ್ತು ಒಂದು ಗೇಣು ಮೇಲಕ್ಕೆ ಇಡಿಸಿದೀನಿ. ಚಿಕ್ಕೋರು ಊರಿಂದ ಬಂದ್ಮೇಲೆ ಅವರ ಕಿವಿಗೆ ಹಾಕ್ಬೇಕಂತೆ ಅನ್ನು. ಅವರ ಕೆಲಸದ ಕಲ್ಲು, ಅವರಿಗೆ ಗೊತ್ತಿರ್ಲಿ."

"ಕೇಳಿಸ್ತಾ?" ಎಂದಳು ವರಲಕ್ಷ್ಮಿ.

"ನೀನು ಹೇಳೋವರ್ಗೂ ಹೆಂಗೆ ಕೇಳಿಸುತ್ತೆ?"

"ಸಾಕು ನಿಮ್ಮ ನಾಟಕ. ಮರೀದಂಗೆ ಹೇಳ್ಬಿಡಿ."

ಹೇಳಬೇಕೆಂದೇ ಇದ್ದೆ. ಸೋಮವಾರ ರಾಮಾಂಜಿನಪ್ಪ ರೈಲಿನಿಂದ ಇಳಿದು ನೇರ ಮಾವನ ಮನೆಗೆ ಬಂದ. ನಾನೂ ಅಲ್ಲೇ ಊಟಕ್ಕಿದ್ದೆ. ಪರ್ಮಿಟ್ಟು ತಂದ ವೀರನಿಗೆ ಕೋಳಿ ಕೊಯ್ದಿತ್ತು. ಮಾವ ಸೌಟಿನಲ್ಲಿ ಕೆದಕಿ ಕೆದಕಿ ಈಲಿಯನ್ನು ಹುಡುಕಿ ತೆಗೆದರು. ಸೌಟು ನನ್ನ ತಟ್ಟೆಯ ಮೇಲೆ ಹಾದು ಹೋಗುವಾಗ ನಾನು ಮುದ್ದೆಯನ್ನು ಸ್ವಲ್ಪ ಪಕ್ಕಕ್ಕೂ ಸರಿಸಿದ್ದೆ. ಸೌಟು ನಿಲ್ಲಲಿಲ್ಲ.

"ಸಿಮೆಂಟು ತಂದೋರು ತಿನ್ನಲಿ. ಗೀಟಪ್ನೋರಿಗೆ ಸಾರು ಬಿಡಮ್ಮ" ಎಂದರು ಮಾವ.

ಆಗ ನನ್ನ ಬಾಯಿಗೆ ಬಂದಿದ್ದ ಕಲ್ಲಿನ ಮಾತು ಸಾರಿನ ಜೊತೆ ಒಳಕ್ಕೆ ಹೋಯಿತು. ಮುಂದಿನ ಗುರುವಾರ ಚಿಕ್ಕಬಳ್ಳಾಪುರದ ಸಾಹೇಬರು ತನಿಖೆಗೆ ಬರುವವರಿದ್ದರು. ಅವರ ಎದುರಿಗೆ, ನಕ್ಷೆ ಹರವಿಕೊಂಡು, 'ಕ್ಷಮಿಸಬೇಕು ಸಾರ್, ಈ ಎತ್ತರ ತಾಳೆಯಾಗುತ್ತಿಲ್ಲ' ಎಂದು ನಾನು ಹೇಳುವುದು. ಓವರ್‌ಸೀಯರ್ ಬೆಪ್ಪಾಗಿ ನಿಲ್ಲುವುದು. ಮೂರು ದಿನದ ಮಾತು ತಾನೆ. ಒಂದು ಕಂಬದ ತಲೆ ಒಂದು ಗೇಣು ಎತ್ತರವಾದರೆ ಹೊಳೆಯೇನೂ ಹಿಂದಕ್ಕೆ ಹರಿಯುವುದಿಲ್ಲ.

ಮನೆಗೆ ಹೋದಾಗ ವರಲಕ್ಷ್ಮಿ ಕೇಳಿದಳು. "ಹೇಳಿದ್ರಾ?"

"ಹೇಳ್ದೆ, ಹೇಳ್ದೆ."

ಮಂಗಳವಾರ ಬೆಳಿಗ್ಗೆ ಏನಾಗುತ್ತದೋ ನೋಡೋಣವೆಂದು ಬೇಕೆಂದೇ ಆಚೆದಡಕ್ಕೆ ಹೋದೆ. ರಾಮಾಂಜಿನಪ್ಪ ಕಟ್ಟೆಯನ್ನು ಕಂಡು ನಿಂತ. ಸುಣ್ಣ, ಕೆಮ್ಮಣ್ಣಿನ ಪಟ್ಟೆ, ಹೂವಿನ ಸರದೊಳಗೆ ಕಲ್ಲು ಮುಖ ಮಾತ್ರ ತೋರಿಸುತ್ತಿತ್ತು.

"ಇದೇನೋ ಎರ್ರಪ್ಪ?"

"ಅಮ್ಮೋರದು ಕದಾ ಸ್ವಾಮೀ, ಮೊಕ್ಕುಬಡಿ. ನಿಮ್ಮ ತಲೆ ಮ್ಯಾಗಿನ ಹರಕೆ. ನಾನ್ ಬರೋ ಹೊತ್ಗೆ ಕಟ್ಟೆ ಎದ್ದಿತ್ತು."

ಕಟ್ಟೆ ಕಲ್ಲಿನ ಸುತ್ತ ಎದ್ದಿದೆ ಎಂದುಕೊಂಡ ಅವನು. ಹೂವು ಸರಿಸಿ ಬುಡ ನೋಡಬೇಕೆಂದು ಕೈ ಚಾಚಿದ್ದು ನನಗೆ ಕಂಡಿತು. ಕಣದ ಆಚೆ ಅತ್ತೆ ಸೆರಗು ಹೊದ್ದು ನಿಂತು ನೋಡುತ್ತಿದ್ದರು. ತನ್ನ ತಲೆಗೆ ಹೊತ್ತ ಹರಕೆಯನ್ನು ಕೆದಕಿ ನೋಡುವ ಅಳಿಯ ಯಾರು? ಹೋಗಿ ಅತ್ತೆಯನ್ನೇ ಕೇಳುವ ಪದ್ಧತಿಯೂ ನಮ್ಮಲ್ಲಿಲ್ಲ. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮುಗಿದ. ಎರ್ರಪ್ಪ ನೆತ್ತಿಯ ಮೇಲಿನ ಹೂವನ್ನಷ್ಟೇ ಸರಿಸಿ ಕೋಲು ಮುಟ್ಟಿಸಿದ. ತಿಂಗಳಿಗೊಮ್ಮೆ ಎರಡು ಕಲ್ಲನ್ನೂ ಒಂದಕ್ಕೊಂದು ತಾಳೆ ನೋಡಬೇಕೆಂಬ ನಿಯಮವಿತ್ತು. ಸಿಮೆಂಟು ಬಂದಿದೆ, ಮಳೆಗೆ ಮುಂಚೆ ಮುಗಿಸಬೇಕು ಎಂಬ ಅವಸರದಲ್ಲಿ ಅದೂ ಹಿಂದೆ ಬಿದ್ದಿತ್ತು.

ಎಂಟನೆಯ ಕಂಬದ ತಲೆಗೆ ಕಾಂಕ್ರೀಟು ಬಿತ್ತು.

ಗುರುವಾರ ಸಾಹೇಬರು ಬರಲಿಲ್ಲ. ಯಾರೋ ಮಂತ್ರಿಗಳು ಚಿಂತಾಮಣಿಗೆ ಬಂದಿದ್ದರಂತೆ. ಮುಂದಿನ ವಾರಕ್ಕೆ ತನಿಖೆ ಹೋಯಿತು. ಏಳನೆಯ ಕಂಬದ ತಲೆ ಮುಗಿಯಿತು. ಮುಂದಿನ ವಾರ ಸಾಹೇಬರ ಜೀಪು ದಾರಿಯಲ್ಲೇ ಕೆಟ್ಟು ನಿಂತಿತು, ಆರನೆಯದೂ ಮುಗಿಯಿತು. ಪೇಟೆಯ ಕಡೆಯ ಕಂಬಗಳು ಇನ್ನೂ ಎದೆಮಟ್ಟಕ್ಕಿದ್ದವು. ಹಾಗಾಗಿ ಬರಿಗಣ್ಣಿಗೆ ಏನೂ ತಿಳಿಯುವಂತಿರಲಿಲ್ಲ. ನಾನು ಬಿಸಿಲಿನಲ್ಲಿ ನೀಲಿ ಪ್ರತಿ ತೆಗೆಯುತ್ತ ದೂರದಿಂದ ಆ ಮೂರು ಬೋಳು ತಲೆಗಳನ್ನು ನೋಡುತ್ತಿದ್ದೆ. ಮೊದಲ ವಾರ ಅವನ್ನು ಕಂಡರೆ ನಗು ಬರುತ್ತಿತ್ತು. ಎರಡನೆಯ ವಾರ ನಗು ಬಂತೋ ಇಲ್ಲವೋ ಎಂದು ನೋಡಿಕೊಳ್ಳಬೇಕಾಯಿತು. ಮೂರನೆಯ ವಾರ ನಾನು ಕಿಟಕಿಗೆ ಬೆನ್ನು ಹಾಕಿ ಕೂತೆ. ಆದರೂ ಹೇಳಲಿಲ್ಲ. ಇಷ್ಟು ದಿನ ಕೂಡಿಟ್ಟ ಮಾತನ್ನು ಪುಕ್ಕಟೆಯಾಗಿ ಬಿಡಲು ಮನಸ್ಸಾಗಲಿಲ್ಲ. ಅವನ ಕಡೆಯಿಂದ ಸಹಾಯವೂ ಇರಲಿಲ್ಲ. ಆ ವಾರವೇ ಮಾವ ಅವನಿಗೆ ಕಾಶ್ಮೀರದ ಶಾಲು ಹೊದಿಸಿದ್ದರು. ಬೇಸಗೆಯಲ್ಲಿ, ಗೌರಿಬಿದನೂರಿನಲ್ಲಿ, ಶಾಲು. ಅವನು ಬೆವರುತ್ತ ಹೊದ್ದು ಕೂತಿದ್ದ. ನನಗೆ ಶಾಲಿಲ್ಲದೆಯೇ ಬೆವರು.

ಕಡೆಗೆ ನಾಳೆ ಹನ್ನೊಂದು ಗಂಟೆಗೆ ಸಾಹೇಬರು ಖಂಡಿತ ಬರುತ್ತಾರೆ ಎಂದು ತಂತಿ ಬಂತು.

ಆ ಸಂಜೆ ಕಚೇರಿ ಖಾಲಿಯಾದ ಮೇಲೆ ನಾನು ನಕ್ಷೆಯ ಮೇಜಿನ ಎದುರು ನಿಂತು ತಾಲೀಮು ಮಾಡಿದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಗಂಟಲಿನಲ್ಲಿ ರಜ ಘೋಷಿಸಿ ದಂಡ ತೆತ್ತವನು ನಾನು. ನನಗೆ ಇದೇನೂ ಕಷ್ಟವಲ್ಲ. ಸಾಹೇಬರದು ಮೂಗಿನಿಂದ ಹೊರಡುವ ಸ್ವರ, ಮಾತಿನ ಕೊನೆಗೊಂದು 'ವಾಟ್?'. ರಾಮಾಂಜಿನಪ್ಪನದು ಒಂದು ಸಣ್ಣ ಕೆಮ್ಮು, ಆಮೇಲೆ 'ಅಂದ್ರೇ...'

"ಸಾರ್, ಆಚೆಯ ಕಲ್ಲು ಒಂದು ಗೇಣು ಮೇಲೆ ಬಂದಿದೆ" ಎಂದೆ ನನ್ನ ಸ್ವರದಲ್ಲಿ.

"ಮೂರು ಪಿಯರೂ ಎತ್ತರ ಹೋಯ್ತೇನಯ್ಯಾ? ಓವರ್‌ಸೀಯರ್, ವಾಟ್ ಈಸ್ ದಿಸ್, ವಾಟ್?" ಎಂದೆ ಸಾಹೇಬರ ಮೂಗಿನಲ್ಲಿ. ಚೆನ್ನಾಗಿ ಬಂತು. ಈಗ ಅವನ ಸರದಿ. ಒಮ್ಮೆ ಕೆಮ್ಮಿದೆ. ಅವನ ಹಾಗೆ ಕುತ್ತಿಗೆ ಓರೆ ಮಾಡಿ ನನ್ನ ಕಡೆಗೇ ತಿರುಗಿದೆ.

"ಅಂದ್ರೇ... ಅಣ್ಣ, ನಿಮಗೆ ಇದು ಯಾವಾಗ ಗೊತ್ತಾಯ್ತು?"

ನನ್ನ ಬಾಯಿಂದಲೇ ಬಂದ ಮಾತು. ಮೂರು ವಾರ ನಾನು ಸಾಹೇಬರ ಮೆಚ್ಚುಗೆ, ಮಾವನ ಮುಖ, ಮಣೆ, ಈಲಿ ಎಲ್ಲವನ್ನೂ ಯೋಚಿಸಿದ್ದೆ. ಯಾರಾದರೂ ಮೊದಲು ಕೇಳುವ ಪ್ರಶ್ನೆಯನ್ನು ಮಾತ್ರ ಯೋಚಿಸಿರಲಿಲ್ಲ. ಉತ್ತರ ಹುಡುಕಿದೆ. ಪಿನಾಕಿನಿಯ ಹಾಗೆ ಬರೀ ಮರಳು.

ಬೆಳಿಗ್ಗೆ ಆರು ಗಂಟೆಗೆ ಹೊಳೆಯ ಮರಳಿನಲ್ಲಿ ಓಡುತ್ತ ಆಚೆದಡಕ್ಕೆ ಹೋದೆ. ಒಳ್ಳೆಯತನದಿಂದ ಓಡಿದೆ ಎಂದು ಹೇಳಿಕೊಳ್ಳಲಾರೆ, ಹೆದರಿ ಓಡಿದೆ. ಅವನು ಕಂಬದ ಬುಡದಲ್ಲಿ ಹಲ್ಲುಜ್ಜುತ್ತ ನಿಂತಿದ್ದ.

"ರಾಮಾಂಜಿ, ಆ ಕಲ್ಲು... ಕಟ್ಟೆ ಕಟ್ಟುವಾಗ ಅದನ್ನ ಕಿತ್ತು ಮೇಲಕ್ಕೆ ಇಟ್ಟಿದಾರೆ ಕಣಯ್ಯ. ಒಂದು ಗೇಣು."

ಅವನ ಬಾಯಲ್ಲಿ ಬೇವಿನ ಕಡ್ಡಿ ಹಾಗೇ ನಿಂತಿತು. ಆರು, ಏಳು, ಎಂಟು ಎಂದು ಅವನ ಕಣ್ಣು ಒಂದೊಂದೇ ತಲೆಯನ್ನು ಹಾದುಹೋಯಿತು. ಮುಖ ಸುಣ್ಣವಾಯಿತು. ಕೆಮ್ಮಲೂ ಇಲ್ಲ.

"ಯಾವಾಗ ಗೊತ್ತಾಯ್ತು ಅಣ್ಣ?"

"ಈಗ. ಈಗ ತಾನೆ... ಆವಲಪ್ಪ ಸಿಕ್ಕಿದ್ದ ದಾರೀಲಿ. ಅವನು ಅಂದ. ಕೇಳಿದೋನೇ ಓಡಿ ಬಂದೆ."

ಅವನು ನನ್ನ ಎರಡು ತೋಳನ್ನೂ ಹಿಡಿದುಕೊಂಡ. "ನೀವಿಲ್ದಿದ್ರೆ ಗರ್ಡರೂ ಕೂತ್ಬಿಡ್ತಿತ್ತು ಅಣ್ಣ. ಇಡೀ ಸೇತುವೇನೇ ಹೋಗ್ತಿತ್ತು." ಆಮೇಲೆ ಎರ್ರಪ್ಪನನ್ನು ಕೂಗುತ್ತ ಕಲ್ಲಿನ ಕಡೆಗೆ ಓಡಿದ.

ಹನ್ನೊಂದು ಗಂಟೆಗೆ ಸಾಹೇಬರು ಬಂದರು. ಕೊಡೆ ಹಿಡಿದ ಜವಾನ, ಮಾವ, ಎರ್ರಪ್ಪ, ಕಣದ ತುಂಬ ಹೆಂಗಸರು. ನಾನು ನಕ್ಷೆ ಹಿಡಿದುಕೊಂಡು ಹಿಂದೆ ನಿಂತಿದ್ದೆ. ಅವರು ಕುರ್ಚಿಯ ಮೇಲೆ ಕೂರುವುದಕ್ಕೆ ಮೊದಲೇ ರಾಮಾಂಜಿನಪ್ಪ ಹೇಳಿಬಿಟ್ಟ.

"ಸಾರ್, ಮೂರು ಪಿಯರ್ ಎತ್ತರ ತಪ್ಪಿದೆ. ಕಲ್ಲು ತಾಳೆ ನೋಡದೆ ಮುಂದುವರಿದೆ. ತಪ್ಪು ನಂದು."

ಸಾಹೇಬರು ಕಟ್ಟೆಯ ಕಡೆ ತಿರುಗಿದರು. "ಇದನ್ನ ಯಾರಯ್ಯ ಕಟ್ಟಿದ್ದು? ಸರ್ಕಾರದ ಕಲ್ಲನ್ನ ಮುಟ್ಟಿದೋರು ಯಾರು? ಜೈಲಿಗೆ ಹಾಕಿಸ್ತೀನಿ, ವಾಟ್?"

ಹೆಂಗಸರ ಗುಂಪಿನಲ್ಲಿ ಒಂದು ಸೆರಗು ಇನ್ನಷ್ಟು ಮುಂದಕ್ಕೆ ಬಂತು. ಮಾವ ಬಾಯಿ ತೆರೆದರು. ಅವರಿಗಿಂತ ಮೊದಲು ರಾಮಾಂಜಿನಪ್ಪ ಹೇಳಿದ.

"ನಾನೇ ಕಟ್ಟಿಸಿದೆ ಸಾರ್. ಗಾಡಿ ಚಕ್ರ ತಗಲದಿರ್ಲಿ ಅಂತ. ಕಟ್ಟುವಾಗ ನಾನು ಊರಲ್ಲಿರಲಿಲ್ಲ, ಬಂದ್ಮೇಲೂ ನೋಡಲಿಲ್ಲ. ಇವತ್ತು ಬೆಳಿಗ್ಗೆ ನಮ್ಮ ಷಡ್ಡಕರು, ಈ ಟ್ರೇಸರ್ ವೆಂಕಟರವಣಪ್ಪನೋರು, ಓಡಿ ಬಂದು ಹೇಳಿದ್ರು. ಅವರಿಲ್ದಿದ್ರೆ ಇನ್ನೂ ಗೊತ್ತಾಗ್ತಿರಲಿಲ್ಲ."

ನಾನು ಮೂರು ವಾರ ಕನಸಿದ ಮಾತು, ಕನಸಿದ ಜನದ ಎದುರಿಗೆ. ಹೇಳಿದವನು ಅವನು. ಎಲ್ಲರೂ ನನ್ನ ಕಡೆ ನೋಡಿದರು. ಆ ಹೊತ್ತಿನಲ್ಲೂ ನನ್ನ ಹೊಟ್ಟೆ ಉರಿದದ್ದು ಯಾತಕ್ಕೆ ಎಂದರೆ, 'ನಾನೇ ಕಟ್ಟಿಸಿದೆ' ಎಂಬ ಮಾತು ಅವನಿಗೆ ಅಷ್ಟು ಬೇಗ ಹೇಗೆ ಸಿಕ್ಕಿತು ಎಂದು. ನನಗೆ ಮೂರು ವಾರ ಕೊಟ್ಟಿದ್ದರೂ ಸಿಗುತ್ತಿರಲಿಲ್ಲ. ಸಿಕ್ಕಿರಲಿಲ್ಲ.

ಶಿಕ್ಷೆ ಅಲ್ಲೇ ಹೇಳಿದರು. ಮೂರು ತಲೆಯನ್ನೂ ಒಂದೊಂದು ಗೇಣು ಕಡಿಯುವುದು. ಓವರ್‌ಸೀಯರಿಗೆ ಎರಡು ವರ್ಷ ಬಡ್ತಿ ಇಲ್ಲ, ಸೇತುವೆಯಿಂದ ತೆಗೆದು ನಗರಗೆರೆಯ ರಸ್ತೆ ರಿಪೇರಿಗೆ ವರ್ಗ. ಟ್ರೇಸರಿಗೆ ಮಾತ್ರ ಬಡ್ತಿ, ಮುಂದಿನ ತಿಂಗಳಿಂದ ಡ್ರಾಫ್ಟ್ಸ್‌ಮನ್. "ಹಿಸ್ಟರಿ ಬಿ.ಎ. ಅಲ್ವೇನಯ್ಯ ನೀನು? ಈ ಸೇತುವೆಯದ್ದೊಂದು ಚರಿತ್ರೆ ಬರಿ. ಆರಂಭೋತ್ಸವಕ್ಕೆ ಅಚ್ಚು ಹಾಕಿಸೋಣ. ಇವತ್ತು ನೀನು ಮಾಡಿದ್ದೂ ಅದರಲ್ಲಿ ಬರ್ಲಿ."

ಭಾನುವಾರ ಮಾವನ ಮನೆಯಲ್ಲಿ ಮೊದಲನೆಯ ಮಣೆಗೆ ನನ್ನನ್ನು ಕೈಹಿಡಿದು ಕರೆದುಕೊಂಡು ಹೋದರು. ಕೋಳಿ ಕೊಯ್ದಿತ್ತು. "ನಮ್ಮ ದೊಡ್ಡ ಅಳಿಯಂದಿರ ಕಣ್ಣು ಅಂದ್ರೆ ಗರುಡನ ಕಣ್ಣು" ಎಂದರು ಮಾವ. ಈಲಿ ಬಿತ್ತು. ರಾಮಾಂಜಿನಪ್ಪ, ಶ್ಯಾಮಲ ಇಬ್ಬರೂ ಬಂದಿರಲಿಲ್ಲ, ಗಂಟುಮೂಟೆ ಕಟ್ಟುತ್ತಿದ್ದರಂತೆ. ಬಾಗಿಲ ಹಿಂದಿನಿಂದ ಒಂದು ಮಾತೂ ಬರಲಿಲ್ಲ. 'ಬಡಿಸಮ್ಮ' ಎನ್ನುವ ಮಾತೂ ಇಲ್ಲ. ಹೊಳೆಯ ಕಡೆಯಿಂದ ಉಳಿ ಸುತ್ತಿಗೆಯ ಟಣ್ ಟಣ್ ಬರುತ್ತಿತ್ತು. ಭಾನುವಾರವೂ ಕಂಬ ಕಡಿಯುತ್ತಿದ್ದರು.

ದಾರಿಯಲ್ಲಿ ಮರಳು ದಾಟುವಾಗ ವರಲಕ್ಷ್ಮಿ ನನಗಿಂತ ನಾಲ್ಕು ಹೆಜ್ಜೆ ಮುಂದಿದ್ದಳು.

"ಹೇಳ್ದೆ ಹೇಳ್ದೆ ಅಂದ್ರಿ" ಎಂದಳು ತಿರುಗದೆ.

"ಮರೆತುಹೋಗಿತ್ತು ಕಣೇ."

"ಮರೆತೋರು ಎರಡು ಸಲ ಹೇಳ್ದೆ ಅನ್ನಲ್ಲ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು. "ಅಮ್ಮ ನನ್ನನ್ನ ಕೇಳಿದ್ಲು, ನಿನ್ನ ಗಂಡಂಗೆ ನೆನಪು ಮಾಡಲಿಲ್ವೇನೇ ಅಂತ. ನಾನೇ ಮರೆತೆ ಅಂದೆ. ಶ್ಯಾಮಲ ನಂಬಲಿಲ್ಲ."

ಎರಡು ವಾರ ಕಳೆದು ನಗರಗೆರೆಗೆ ಬಸ್ ಹತ್ತಿದೆ. ರಸ್ತೆಯ ಪಕ್ಕ ಜಲ್ಲಿಯ ರಾಶಿಗಳ ನಡುವೆ ರಾಮಾಂಜಿನಪ್ಪ ಟೇಪು ಹಿಡಿದು ಉದ್ದ ಅಗಲ ಅಳೆದು ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದ. ಮೈಗೆಲ್ಲ ಧೂಳು. ನನ್ನನ್ನು ನೋಡಿ ಎದ್ದು ನಿಂತ, ಬನ್ನಿ ಎನ್ನಲಿಲ್ಲ.

"ನಾನು ಸಾಹೇಬರಿಗೆ ಬರೀತೀನಿ" ಎಂದೆ. "ಇದ್ದದ್ದು ಇದ್ದಂಗೆ. ಮೂರು ವಾರ ಮೊದಲೇ ನಂಗೆ ಗೊತ್ತಿತ್ತು ಅಂತ."

"ಶ್ಯಾಮಲ ಹೇಳಿದ್ಲು."

"ಬರೆದ್ರೆ ನಿನ್ನ ವರ್ಗ ರದ್ದಾಗಬಹುದು."

"ಬರೀರಿ. ನಿಮಗೆ ಯಾರು ಹೇಳಿದ್ರು ಅಂತ ಕೇಳ್ತಾರೆ. ಅತ್ತೆ ಅಂತೀರಾ? ಸರ್ಕಾರದ ಕಲ್ಲು ಕಿತ್ತೋರು ಅವರು ಅಂತ ಬರೀತೀರಾ?" ಅವನು ಟೇಪನ್ನು ನಿಧಾನವಾಗಿ ಸುತ್ತಿದ. "ಆಮೇಲೆ ನಾನು ಸಾಹೇಬರ ಎದುರು ಸುಳ್ಳು ಹೇಳಿದೆ ಅಂತಲೂ ಆಗುತ್ತೆ. ಇರೋ ಕೆಲಸವೂ ಹೋಗುತ್ತೆ."

"ಮತ್ತೆ ನಾನೇನಪ್ಪ ಮಾಡ್ಲಿ?"

"ಏನೂ ಬೇಡ." ಅವನು ಮೊದಲ ಸಲ ನನ್ನ ಮುಖ ನೋಡಿದ. ಸಿಟ್ಟು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. "ನನ್ನ ಬಾಯಲ್ಲಿ ನಿಮ್ಮನ್ನ ಒಳ್ಳೆಯೋರು ಅಂತ ಎಲ್ಲರ ಎದುರಿಗೂ ಹೇಳಿಸ್ಬಿಟ್ರಿ. ಇನ್ನು ಹಂಗೇ ಇರಿ. ಅದನ್ನ ವಾಪಸ್ ತಗೊಳೋ ದಾರಿ ನಂಗೂ ಇಲ್ಲ, ನಿಮಗೂ ಇಲ್ಲ."

ಆಮೇಲೆ ರಾಶಿಯ ಕಡೆ ತಿರುಗಿ, "ಮನೆ ಅಲ್ಲಿ, ಹಳೇ ಚಾವಡಿ ಪಕ್ಕ. ಶ್ಯಾಮಲ ಮಜ್ಜಿಗೆ ಕೊಡ್ತಾಳೆ, ಕುಡಿದು ಹೋಗಿ. ಬಂದೋರನ್ನ ಹಂಗೇ ಕಳಿಸಿದ ಅನ್ನೋ ಹೆಸರು ನಂಗೆ ಬೇಡ" ಎಂದ.

ಮಜ್ಜಿಗೆ ಕುಡಿದೆ. ಶ್ಯಾಮಲ ಲೋಟವನ್ನು ಜಗಲಿಯ ಮೇಲಿಟ್ಟು ಒಳಕ್ಕೆ ಹೋದಳು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಜಗಲಿಯ ಮೇಲೆ ಕೂರದೆ ರಸ್ತೆಯಲ್ಲೇ ನಿಂತೆ.

ಸೇತುವೆಯ ಚರಿತ್ರೆಯನ್ನು ಹನ್ನೆರಡು ಪುಟ ಬರೆದೆ. ಕೊಚ್ಚಿಹೋದ ಚಪ್ಪಡಿ ದಾರಿ, ಎರಡು ದಡದ ಜಗಳ, ಮರಳಿಗೆ ಇಳಿಸಿದ ಐದು ಬಾವಿ, ಒಂಬತ್ತು ಕಣ್ಣು, ನಲವತ್ತು ಅಡಿ. ಅಲ್ಲಿಯವರೆಗೆ ಪೆನ್ನು ಓಡಿತು. ಹತ್ತನೆಯ ಪುಟದಲ್ಲಿ ಹೀಗೆ ಬರೆದೆ: 'ಆಚೆದಡದ ಕಲ್ಲು ಒಂದು ಗೇಣು ಮೇಲೆ ಬಂದಿರುವುದನ್ನು ಈ ಕಚೇರಿಯ ಟ್ರೇಸರ್ ತಿಳಿಸಿದ್ದರಿಂದ ಮೂರು ಕಂಬಗಳನ್ನು ಸರಿಪಡಿಸಲಾಯಿತು.' ಯಾವಾಗ ತಿಳಿಸಿದ ಎಂಬುದನ್ನು ಬರೆಯಲಿಲ್ಲ. ಹೆಸರನ್ನೂ ಹಾಕಲಿಲ್ಲ. ಇಷ್ಟಾದರೂ ನನ್ನ ಕೈಯಲ್ಲಿದೆ ಎಂದುಕೊಂಡೆ.

ಸಾಹೇಬರು ಚಿಕ್ಕಬಳ್ಳಾಪುರದಿಂದ ತಿದ್ದಿ ಕಳಿಸಿದರು. ಬೇರೆಲ್ಲ ಪುಟ ಹಾಗೇ ಇತ್ತು. ಹತ್ತನೆಯದರಲ್ಲಿ 'ಟ್ರೇಸರ್' ಎಂಬುದರ ಪಕ್ಕ ಕೆಂಪು ಪೆನ್ಸಿಲ್ಲಿನಲ್ಲಿ ನನ್ನ ಹೆಸರು. 'ತಿಳಿಸಿದ್ದರಿಂದ' ಎಂಬುದರ ಹಿಂದೆ ಒಂದು ಗುರುತು ಹಾಕಿ 'ತಕ್ಷಣ' ಎಂದು ಸೇರಿಸಿದ್ದರು. ಅಂಚಿನಲ್ಲಿ ಒಂದು ಸಾಲು: 'ಇಷ್ಟು ಸಂಕೋಚ ಬೇಡ. ಶುದ್ಧ ಪ್ರತಿ ಮಾಡಿ ಅಚ್ಚಿಗೆ ಕಳಿಸು.'

ಹೊಸ ಹಾಳೆ ತೆಗೆದೆ. ಪೆನ್ನಿಗೆ ಮಸಿ ತುಂಬಿದೆ. ಈ ಹೊತ್ತಿಗೆ ರಾಮಾಂಜಿನಪ್ಪ ನಗರಗೆರೆಯ ಬಿಸಿಲಿನಲ್ಲಿ ಜಲ್ಲಿ ಅಳೆಯುತ್ತಿರುತ್ತಾನೆ. ಉದ್ದ ಎಷ್ಟಿದೆಯೋ ಅಷ್ಟು ಬರೆದುಕೊಳ್ಳುತ್ತಾನೆ, ಅಗಲ ಎಷ್ಟಿದೆಯೋ ಅಷ್ಟು. ಅವನ ಮೇಲೆ ನನಗೆ ಎಂದೂ ಇಲ್ಲದಷ್ಟು ಹೊಟ್ಟೆಕಿಚ್ಚಾಯಿತು. 'ತಕ್ಷಣ' ಎಂದು ಬರೆದೆ. ಅಕ್ಷರ ಬಹಳ ಅಂದವಾಗಿ ಬಂತು.